ಒದ್ದೆ ಸಿಂಕಿನ ಕೆಳಗೆ ಒಣ ಪುಡಿ: ಡಯಾಟಮೇಶಿಯಸ್ ಅರ್ತ್ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಇಲ್ಲ

ಪ್ರಶ್ನೆ: ನಮಸ್ಕಾರ ಮೇಡಂ. ಅಡುಗೆಮನೆಯಲ್ಲಿ ಇರುವೆ, ಜಿರಳೆ ಕಾಟ ಜಾಸ್ತಿಯಾಗಿದೆ. ತೆವಳುವ ಮಗು ಇದೆ, ಬೆಕ್ಕೂ ಇದೆ. ವಿಷದ ಸ್ಪ್ರೇ ಬೇಡ ಅಂತ ಡಯಾಟಮೇಶಿಯಸ್ ಅರ್ತ್ ತರಿಸಿ ಸಿಂಕ್ ಕೆಳಗೆ, ಗೋಡೆಯ ಬದಿಗೆ ದಪ್ಪ ಸಾಲು ಹಾಕಿದೆ. ಎರಡು ವಾರ ಕಳೆದರೂ ಏನೂ ವ್ಯತ್ಯಾಸ ಕಾಣುತ್ತಿಲ್ಲ. ಇದೇ ಪುಡಿ ತೇವವನ್ನೂ ಹೀರುತ್ತದೆ ಎಂದು ಓದಿ ಒಂದು ಬಟ್ಟಲು ಬೀರುವಿನಲ್ಲೂ ಇಟ್ಟೆ. ಮುಗ್ಗಲು ವಾಸನೆ ಹಾಗೇ ಇದೆ. ಧಾನ್ಯದ ಡಬ್ಬಿಗೆ, ಗಿಡದ ಕುಂಡಕ್ಕೆ ಇದನ್ನು ಹಾಕಬಹುದಾ? ಬೆಕ್ಕಿನ ಹೊಟ್ಟೆಹುಳಕ್ಕೆ ಊಟದಲ್ಲಿ ಬೆರೆಸಿ ಕೊಡಬಹುದು ಅಂತಲೂ ಹೇಳುತ್ತಾರೆ, ನಿಜವೇ?

ಉತ್ತರ: ನಿಮ್ಮ ಪ್ರಶ್ನೆಯ ಒಳಗೇ ಅರ್ಧ ಉತ್ತರ ಇದೆ: ಸಿಂಕ್ ಕೆಳಗೆ. ಮನೆಯಲ್ಲಿ ಸದಾ ಒದ್ದೆ ಇರುವ ಜಾಗ ಅದು. ಡಯಾಟಮೇಶಿಯಸ್ ಅರ್ತ್ ಒಣಗಿದ್ದಾಗ ಮಾತ್ರ ಕೀಟ ಕೊಲ್ಲುತ್ತದೆ. ನೀರು ಕುಡಿದ ಪುಡಿ ಕೀಟದ ಪಾಲಿಗೆ ಬರೀ ಮಣ್ಣು. ಹಾಗಾಗಿ ಕೀಟ ಕೊಲ್ಲುವುದು, ತೇವ ಹೀರುವುದು ಎರಡನ್ನೂ ಒಂದೇ ಜಾಗದಲ್ಲಿ ಈ ಪುಡಿಯಿಂದ ಮಾಡಿಸಲು ಆಗುವುದಿಲ್ಲ. ಪೊಟ್ಟಣದ ಮೇಲೆ ಎರಡು ಗುಣಗಳನ್ನೂ ಒಟ್ಟಿಗೆ ಹೊಗಳಿರುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲು ಈ ಪುಡಿ ಏನು ಅಂತ ನೋಡೋಣ. ಡಯಾಟಮ್ ಅಂದರೆ ಕೆರೆ, ಸಮುದ್ರಗಳಲ್ಲಿ ಬೆಳೆಯುವ ಒಂದೇ ಜೀವಕೋಶದ ಪಾಚಿ. ಅದು ತನ್ನ ಸುತ್ತ ಸಿಲಿಕಾದ (ಮರಳು, ಗಾಜಿನಲ್ಲಿರುವ ಖನಿಜ) ಚಿಪ್ಪು ಕಟ್ಟಿಕೊಳ್ಳುತ್ತದೆ. ಪಾಚಿ ಸತ್ತ ಮೇಲೆ ಚಿಪ್ಪು ತಳಕ್ಕೆ ಇಳಿಯುತ್ತದೆ. ಲಕ್ಷಾಂತರ ವರ್ಷ ಹೀಗೆ ಶೇಖರವಾದ ಪದರಗಳನ್ನು ಅಗೆದು, ಒಣಗಿಸಿ, ಪುಡಿ ಮಾಡಿದರೆ ಡಯಾಟಮೇಶಿಯಸ್ ಅರ್ತ್. ಅದರಲ್ಲಿ ಸಾಮಾನ್ಯವಾಗಿ ಶೇಕಡಾ 80ರಿಂದ 90 ಭಾಗ ಸಿಲಿಕಾ. ಸೂಕ್ಷ್ಮದರ್ಶಕದ ಕೆಳಗೆ ಒಂದು ಚಿಟಿಕೆ ಇಟ್ಟರೆ ಪುಟ್ಟ ಕೊಳವೆ, ದೋಣಿ, ಬಿಲ್ಲೆಯ ಆಕಾರದ ಚೂರುಗಳು ಕಾಣುತ್ತವೆ. ಪ್ರತಿಯೊಂದರ ಮೈತುಂಬ ಸಾಲುಸಾಲು ತೂತು. ಪುಡಿಯ ಶಕ್ತಿ ಎಲ್ಲ ಆ ತೂತುಗಳಲ್ಲೇ ಇದೆ.

ಚಿಪ್ಪಿನ ಚೂಪು ಅಂಚು ಕೀಟದ ಮೈಯನ್ನು ಕೊಯ್ದು ಕೊಲ್ಲುತ್ತದೆ ಎಂಬ ವಿವರಣೆ ಎಲ್ಲ ಕಡೆ ಓಡಾಡುತ್ತಿದೆ. ಅದು ಪೂರ್ತಿ ಸುಳ್ಳಲ್ಲ, ಸ್ವಲ್ಪ ಗೀರುವುದೂ ಉಂಟು. ಆದರೆ ಮುಖ್ಯ ಕೆಲಸ ಬೇರೆಯೇ. ಕೀಟದ ಚರ್ಮದ ಮೇಲೆ ತೆಳ್ಳಗೆ ಮೇಣದ ಪದರ ಇರುತ್ತದೆ. ಒಳಗಿನ ನೀರು ಆರಿಹೋಗದಂತೆ ತಡೆಯುವುದು ಅದೇ. ಅಂಟಿಕೊಂಡ ಪುಡಿ ಆ ಮೇಣವನ್ನು ಬ್ಲಾಟಿಂಗ್ ಪೇಪರ್ ಶಾಯಿ ಹೀರಿದ ಹಾಗೆ ಹೀರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ವಾಲ್ಟರ್ ಎಬೆಲಿಂಗ್ 1971ರಲ್ಲೇ ಇಂಥ ಹೀರುವ ಪುಡಿಗಳ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಮೇಣ ಹೋದ ಮೇಲೆ ಕೀಟ ಒಣಗುತ್ತಾ ಹೋಗುತ್ತದೆ. ಹೊಟ್ಟೆಗೆ ವಿಷ ಹೋಗಿ ಸಾಯುವುದಲ್ಲ, ಮೈಯ ನೀರು ಖಾಲಿಯಾಗಿ ಸಾಯುವುದು. ಅದಕ್ಕೇ ನಿಧಾನ.

ಒಂದು ಇರುವೆ ಈ ಪುಡಿ ದಾಟುವುದನ್ನು ಭೂತಗನ್ನಡಿ ಹಿಡಿದು ನೋಡಿ. ದಾಟಿದ ಕೂಡಲೇ ನಿಲ್ಲುತ್ತದೆ. ಮುಂಗಾಲಿನಲ್ಲಿ ಮೀಸೆ ಬಾಚಿಕೊಳ್ಳಲು ಒಂದು ಸಣ್ಣ ಬಾಚಣಿಗೆಯಂಥ ಅಂಗ ಇದೆ, ಅದರೊಳಗೆ ಮೀಸೆ ತೂರಿಸಿ ಎಳೆಯುತ್ತದೆ. ಮತ್ತೆ ಕಾಲು ಉಜ್ಜುತ್ತದೆ, ಮತ್ತೆ ಮೀಸೆ. ಉಜ್ಜಿದಷ್ಟೂ ಪುಡಿ ಕೀಲುಗಳ ಸಂದಿಗೆ ಸೇರುತ್ತದೆ. ಆಮೇಲೆ ಏನೂ ಆಗದ ಹಾಗೆ ನಡೆದು ಹೋಗುತ್ತದೆ! ನೋಡುವವರಿಗೆ ‘ಇದು ಕೆಲಸ ಮಾಡಲ್ಲ’ ಅನ್ನಿಸುತ್ತದೆ. ಅದು ಸಾಯುವುದು ಆಮೇಲೆ, ಎಲ್ಲೋ ನಮ್ಮ ಕಣ್ಣಿಗೆ ಬೀಳದ ಕಡೆ.

ಈಗ ನಿಮ್ಮ ಸಿಂಕ್ ಕೆಳಗಿನ ಲೆಕ್ಕ. ಅಲ್ಲಿ ಪುಡಿಯ ತೂತುಗಳಲ್ಲಿ ಮೊದಲೇ ನೀರು ತುಂಬಿದೆ, ಮೇಣಕ್ಕೆ ಜಾಗವೇ ಇಲ್ಲ. ಗಾಳಿಯಲ್ಲೂ ತೇವ ಇರುವುದರಿಂದ ಮೇಣ ಕಳೆದುಕೊಂಡ ಜಿರಳೆಯೂ ಬೇಗ ಒಣಗುವುದಿಲ್ಲ. ಮೇಲಿಂದ ಸೋರುವ ಪೈಪಿನ ಹನಿ ಕುಡಿದು ಕಳೆದದ್ದನ್ನು ಮತ್ತೆ ತುಂಬಿಕೊಳ್ಳುತ್ತದೆ. ಹೀಗೆ ಮೂರು ಕಡೆಯಿಂದಲೂ ಪುಡಿಗೆ ಸೋಲು.

ಇನ್ನೊಂದು ವಿಷಯ, ದಪ್ಪ ಸಾಲು. ಜಾಸ್ತಿ ಹಾಕಿದರೆ ಜಾಸ್ತಿ ಕೆಲಸ ಅಂತ ಎಲ್ಲರಿಗೂ ಅನ್ನಿಸುತ್ತದೆ, ಅಲ್ವಾ? ಆದರೆ ಪುಡಿಯ ಗುಡ್ಡೆ ಕಂಡರೆ ಕೀಟ ಅದನ್ನು ಮುಟ್ಟದೆ ಸುತ್ತುಹಾಕಿ ಹೋಗುತ್ತದೆ. ಮೇಲಿಂದ ನೋಡಿದರೆ ಪುಡಿ ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗೆ ಇರಬೇಕು. ಬೆರಳು ಎಳೆದಾಗ ಗೆರೆ ಮೂಡಿದರೆ ಸಾಕು.

ಹಾಗಾದರೆ ಹೇಗೆ ಹಾಕಬೇಕು? ಮೊದಲು ಸೋರುವ ಕೀಲು ಬಿಗಿಸಿ. ಸಿಂಕ್ ಕೆಳಗಿನ ಹಳೆ ಪುಡಿಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ. ಇಷ್ಟು ನುಣ್ಣನೆಯ ಪುಡಿ ಅದರ ಫಿಲ್ಟರ್ ಕಟ್ಟಿಸುತ್ತದೆ, ಇಲ್ಲವೇ ಹಿಂದಿನಿಂದ ಮತ್ತೆ ಕೋಣೆಗೇ ಹಾರಿಬರುತ್ತದೆ. ಜಾಗ ಪೂರ್ತಿ ಆರಲಿ. ಆಮೇಲೆ ಒಂದು ಮೆದು ಬ್ರಷ್‌ನ ತುದಿಗೆ ಪುಡಿ ಹಚ್ಚಿ, ಅಥವಾ ಮೂತಿ ಇರುವ ಪ್ಲಾಸ್ಟಿಕ್ ಬಾಟಲಿಯಲ್ಲಿ ಮೂರನೇ ಒಂದು ಭಾಗ ತುಂಬಿ ಮೆಲ್ಲಗೆ ಒತ್ತಿ, ಸಂದಿಗಳ ಒಳಕ್ಕೆ ಹೋಗುವ ಹಾಗೆ ಊದಿ. ಗೋಡೆ ಮತ್ತು ಕಪಾಟಿನ ನಡುವಿನ ಬಿರುಕು, ಪೈಪ್ ಗೋಡೆಗೆ ತೂರುವ ತೂತಿನ ಸುತ್ತ, ಫ್ರಿಜ್ ಹಿಂದೆ, ಸ್ಟವ್ ಕಟ್ಟೆಯ ಕೆಳಗಿನ ಒಣ ಮೂಲೆ. ಜಿರಳೆ ಹಗಲು ಅಡಗುವುದು ಇಂಥ ಕಡೆಯೇ. ನಡುನೆಲದಲ್ಲಿ ಹಾಕಿ ಪ್ರಯೋಜನ ಇಲ್ಲ, ಮಗುವಿನ ಕೈಗೂ ಸಿಗುತ್ತದೆ. ನೀರು ಬೀಳದ, ಯಾರೂ ಮುಟ್ಟದ ಬಿರುಕಿನಲ್ಲಿ ಹಾಕಿದ ಪುಡಿ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಖನಿಜ ಆದ್ದರಿಂದ ಕೆಡುವ ಮಾತಿಲ್ಲ. ಒದ್ದೆಯಾಗಿ ಮತ್ತೆ ಒಣಗಿದರೂ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಗಟ್ಟಿಕಟ್ಟುವುದರಿಂದ ಕೀಟಕ್ಕೆ ಮೊದಲಿನಷ್ಟು ಅಂಟುವುದಿಲ್ಲ. ನೀರಲ್ಲಿ ಕಲಸಿ ಬಳಿಯುವವರ ಸಮಸ್ಯೆಯೂ ಇದೇ.

ಇರುವೆಯ ವಿಷಯದಲ್ಲಿ ಮಾತ್ರ ಜಾಸ್ತಿ ನಿರೀಕ್ಷೆ ಬೇಡ. ದಾಟಿದ ಕೆಲಸಗಾರ ಇರುವೆಗಳು ಸಾಯುತ್ತವೆ, ಗೂಡಿನ ಒಳಗಿರುವ ರಾಣಿಗೆ ಏನೂ ಆಗುವುದಿಲ್ಲ. ಅವು ಒಳಬರುವ ಬಿರುಕನ್ನು ಮುಚ್ಚುವುದೇ ಮೊದಲ ಮದ್ದು. ಗೂಡೇ ಹೋಗಬೇಕೆಂದರೆ ಇರುವೆಗಳು ತಾವೇ ಒಳಗೆ ಹೊತ್ತು ಒಯ್ಯುವ ಬೈಟ್ (ವಿಷ ಬೆರೆಸಿದ ತಿನಿಸು) ಬೇಕು. ಜಿರಳೆಗೂ ಜೆಲ್ ಬೈಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಗುವಿಗೂ ಬೆಕ್ಕಿಗೂ ಕೈಗೆಟುಕದ ಬಿರುಕಿನ ಒಳಗೆ ಒಂದೊಂದು ಚುಕ್ಕೆ ಇಟ್ಟರೆ, ಸ್ಪ್ರೇ ಹೊಡೆಯುವುದಕ್ಕಿಂತ ಎಷ್ಟೋ ವಾಸಿ. ಆದರೆ ಬೈಟ್ ಇಟ್ಟ ಕಡೆ ಪುಡಿ ಹಾಕಬೇಡಿ. ಪುಡಿ ಬಿದ್ದ ಬೈಟನ್ನು ಅವು ಮೂಸಿಯೂ ನೋಡುವುದಿಲ್ಲ. ಎರಡೂ ದಂಡ.

ತಿಗಣೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಈ ಪುಡಿ ಕೊಳ್ಳುವವರಲ್ಲಿ ಬಹಳ ಜನ ಅದಕ್ಕೇ ಕೊಳ್ಳುತ್ತಾರೆ. ಪ್ರಯೋಗಾಲಯದ ಡಬ್ಬಿಯಲ್ಲಿ ತಿಗಣೆ ಸಾಯುತ್ತದೆ ನಿಜ. ಜನ ವಾಸವಿರುವ ಮನೆಗಳಲ್ಲಿ ಬರೀ ಇದನ್ನೇ ನಂಬಿದರೆ ಸಾಮಾನ್ಯವಾಗಿ ನಿರಾಸೆ. ಮಂಚದ ಕೀಲಿನ ಒಳಗೆ, ಗೋಡೆ ಬಿರುಕಿನಲ್ಲಿ ತೆಳ್ಳಗೆ ಹಾಕಬಹುದು. ಹಾಸಿಗೆ ಮೇಲೆ, ದಿಂಬಿನ ಮೇಲೆ ಮಾತ್ರ ಬೇಡವೇ ಬೇಡ. ರಾತ್ರಿಯಿಡೀ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಗೆದ್ದಲಿಗಂತೂ ಸುಮ್ನೆ ಖರ್ಚು. ಅದು ಒದ್ದೆ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೇ ಓಡಾಡುವ ಜೀವಿ.

ಇನ್ನು ಬೀರು. ‘ತನ್ನ ತೂಕಕ್ಕಿಂತ ಹೆಚ್ಚು ನೀರು ಹೀರುತ್ತದೆ’ ಅಂತ ಪೊಟ್ಟಣದ ಮೇಲೆ ಬರೆದಿರುತ್ತಾರೆ. ಸುಳ್ಳಲ್ಲ. ಆಲ್ಫ್ರೆಡ್ ನೊಬೆಲ್ 1867ರಲ್ಲಿ ಡೈನಮೈಟ್‌ಗೆ ಪೇಟೆಂಟ್ ಪಡೆದದ್ದೇ ಈ ಗುಣದ ಬಲದಿಂದ. ಮುಟ್ಟಿದರೆ ಸಿಡಿಯುವ ನೈಟ್ರೋಗ್ಲಿಸರಿನ್ ದ್ರವವನ್ನು ಡಯಾಟಮ್ ಮಣ್ಣಿಗೆ ಕುಡಿಸಿದ. ಒಂದು ಪಾಲು ಮಣ್ಣು, ಮೂರು ಪಾಲು ದ್ರವ. ಅಷ್ಟು ಕುಡಿದರೂ ಅದು ಕೈಯಲ್ಲಿ ಹಿಡಿಯುವಂಥ ಮುದ್ದೆಯಾಗಿಯೇ ಉಳಿಯಿತು. ಆದರೆ ಗಮನಿಸಿ, ಅದು ದ್ರವ. ಬೀರುವಿನಲ್ಲಿ ಇರುವುದು ಆವಿ.

ಆವಿ ಹಿಡಿಯುವುದು ಬೇರೆಯೇ ಕಸುಬು. ಗಾಳಿಯಲ್ಲಿರುವ ನೀರಿನ ಆವಿ ತೂತಿನೊಳಗೆ ನೀರಾಗಿ ಕೂರಬೇಕಾದರೆ ತೂತು ತುಂಬಾ ಕಿರಿದಾಗಿರಬೇಕು, ಕೆಲವೇ ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ). ಹೊಸ ಚೀಲ, ಶೂ ಪೆಟ್ಟಿಗೆಗಳಲ್ಲಿ ಪುಟ್ಟ ಪೊಟ್ಟಣವಾಗಿ ಬರುವ ಸಾಮಾನ್ಯ ಸಿಲಿಕಾ ಜೆಲ್‌ನ ತೂತುಗಳು 2-3 ನ್ಯಾನೋಮೀಟರ್ ಇರುತ್ತವೆ. ಅದಕ್ಕೇ ಅದು ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ಆವಿ ಹಿಡಿಯಬಲ್ಲದು. ಡಯಾಟಮ್ ಚಿಪ್ಪಿನ ತೂತುಗಳು ಬಹುಪಾಲು ಅದಕ್ಕಿಂತ ಹತ್ತಾರು, ನೂರಾರು ಪಟ್ಟು ದೊಡ್ಡವು. ಅಲ್ಲಿ ಆವಿ ನೀರಾಗಬೇಕೆಂದರೆ ಗಾಳಿಯ ತೇವಾಂಶ ಹೆಚ್ಚುಕಡಿಮೆ ಶೇಕಡಾ 100ರ ಹತ್ತಿರ ಇರಬೇಕು. ಚೆಲ್ಲಿದ ನೀರಾದರೆ ದೊಡ್ಡ ತೂತಿಗೂ ನುಗ್ಗುತ್ತದೆ. ಹಾಗಾಗಿ ಒಂದೇ ಪುಡಿ ನೆಲದ ಮೇಲೆ ಚೆಲ್ಲಿದ ಎಣ್ಣೆಗೆ ಹುಲಿ, ಬೀರುವಿನ ಗಾಳಿಗೆ ಇಲಿ. ಎರಡೂ ಸಿಲಿಕಾವೇ, ಆದರೆ ಸಿಲಿಕಾ ಜೆಲ್ ಬದಲಿಗೆ ಡಯಾಟಮ್ ಪುಡಿ ಇಟ್ಟರೆ ನಡೆಯುವುದಿಲ್ಲ.

ಬೀರುವಿಗೆ ಸಿಲಿಕಾ ಜೆಲ್ ಅಥವಾ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಡಿ. ಕ್ಯಾಲ್ಸಿಯಂ ಕ್ಲೋರೈಡ್ ಹೀರಿದ ನೀರು ಕೆಳಗೆ ನಿಲ್ಲುತ್ತದೆ, ಅದು ಬಟ್ಟೆಗೆ ಚೆಲ್ಲದ ಹಾಗೆ, ಮಗುವಿಗೆ ಸಿಗದ ಹಾಗೆ ಎತ್ತರದಲ್ಲಿಡಿ. ಆದರೆ ಇವೆಲ್ಲ ಎರಡನೇ ಮಾತು. ತೇವ ಎಲ್ಲಿಂದ ಬರುತ್ತಿದೆ ಅನ್ನುವುದು ಮೊದಲನೇ ಮಾತು. ಬೀರು ಹೊರಗೋಡೆಗೆ ಅಂಟಿಕೊಂಡಿದೆಯಾ? ಒಂದು ಗೇಣು ಮುಂದೆ ಎಳೆಯಿರಿ, ಹಿಂದೆ ಗಾಳಿ ಆಡಲಿ. ಅರೆ ಒಣಗಿದ ಬಟ್ಟೆ ಮಡಚಿ ಇಡುತ್ತೀರಾ? ಗೋಡೆಯಲ್ಲಿ ನೀರು ಜಿನುಗುತ್ತಿದೆಯಾ? ಗಾಳಿಯ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಒಳಗಿಟ್ಟು ನೋಡಿ. ತೇವಾಂಶ ಶೇಕಡಾ 60ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. 50ಕ್ಕಿಂತ ಕೆಳಗೆ ತಂದರೆ ಇನ್ನೂ ಒಳ್ಳೆಯದು. ಆಗಲೇ ಬಂದಿರುವ ಬೂಷ್ಟನ್ನು ಒರೆಸಿ ತೆಗೆಯಲೇಬೇಕು, ವಾಸನೆ ಬರುತ್ತಿರುವುದು ಅದರಿಂದಲೇ.

ಇಲ್ಲಿ ಒಂದು ಸ್ವಾರಸ್ಯ ಇದೆ. ಹಳೆ ಪುಸ್ತಕ, ಕಾಗದದ ಪೆಟ್ಟಿಗೆಗಳಲ್ಲಿ ಓಡಾಡುವ, ಕಣ್ಣಿಗೆ ಕಾಣಿಸಿಯೂ ಕಾಣಿಸದ ಮಾಸಲು ಹುಳ ನೋಡಿರುತ್ತೀರಿ. ಅದು ಬದುಕುವುದು ಬೂಷ್ಟು ತಿಂದು, ಗಾಳಿಯ ತೇವ ಹೀರಿ. ಕೋಣೆಯ ತೇವಾಂಶವನ್ನು ಶೇಕಡಾ 50ರ ಕೆಳಗೆ ಇಳಿಸಿ ಕೆಲವು ವಾರ ಹಾಗೇ ಉಳಿಸಿಕೊಂಡರೆ ಆ ಹುಳ ತಾನಾಗೇ ಸಾಯುತ್ತದೆ. ಪುಡಿಯೂ ಬೇಡ, ಬೈಟೂ ಬೇಡ. ಹಾಸಿಗೆಯ ಧೂಳುಹುಳವೂ ಒಣ ಹವೆಯಲ್ಲಿ ಸೊರಗುತ್ತದೆ. ತೇವ ತೆಗೆಯುವುದೇ ಅರ್ಧ ಕೀಟನಿಯಂತ್ರಣ ಎಂದು ನಾನು ಹೇಳುವುದು ಇದಕ್ಕೇ.

ದ್ರವದ ವಿಷಯಕ್ಕೆ ಬಂದರೆ ಡಯಾಟಮ್ ಮಣ್ಣು ನಿಜಕ್ಕೂ ಉಪಯೋಗಿ. ಚೆಲ್ಲಿದ ಎಣ್ಣೆ ಹೀರಲು, ಬೆಕ್ಕಿನ ಮಲದ ತಟ್ಟೆಗೆ ದಪ್ಪ ಕಾಳಿನ ರೂಪದಲ್ಲಿ, ಬಚ್ಚಲ ಬಾಗಿಲ ಮುಂದೆ ಹಾಕುವ ಗಟ್ಟಿ ಮ್ಯಾಟ್ ಆಗಿ. ಮ್ಯಾಟ್ ಮೇಲೆ ಒದ್ದೆ ಕಾಲಿಟ್ಟರೆ ಕ್ಷಣದಲ್ಲಿ ಹೆಜ್ಜೆ ಗುರುತು ಮಾಯ. ದಿನ ಕಳೆದಂತೆ ಸೋಪಿನ ಜಿಡ್ಡು ತೂತು ಮುಚ್ಚಿ ಹೀರುವುದು ಕಡಿಮೆಯಾಗುತ್ತದೆ. ಮರಳು ಕಾಗದದಲ್ಲಿ ಉಜ್ಜಿ ಅಂತ ತಯಾರಕರೇ ಹೇಳುತ್ತಾರೆ. ಆದರೆ 2020ರ ಕೊನೆಯಲ್ಲಿ ಜಪಾನಿನಲ್ಲಿ ಇಂಥ ಕೆಲವು ಮ್ಯಾಟ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಸ್, ಉಸಿರಿಗೆ ಅಪಾಯಕಾರಿ ನಾರು) ಪತ್ತೆಯಾಗಿ ವಾಪಸ್ ಪಡೆದಿದ್ದರು. ಎಲ್ಲಿ ತಯಾರಾದದ್ದು ಅಂತ ಗೊತ್ತಿಲ್ಲದ ಮ್ಯಾಟನ್ನು ಉಜ್ಜಿ ಧೂಳೆಬ್ಬಿಸಬೇಡಿ.

ಕುಂಡಕ್ಕೆ ಪುಡಿ ಬೇಡ. ನೀರು ಹಾಕಿದ ಕೂಡಲೇ ಕೆಸರಾಗಿ, ಒಣಗಿದ ಮೇಲೆ ಮೇಲೊಂದು ಹೆಪ್ಪು ಕಟ್ಟುತ್ತದೆ. ಕುಂಡದ ಮಣ್ಣಿನಲ್ಲಿ ಬೆರೆಸಲು ಸುಟ್ಟು ಗಟ್ಟಿ ಮಾಡಿದ ದಪ್ಪ ಕಾಳು ಸಿಗುತ್ತದೆ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಡುವೆ ಗಾಳಿಗೂ ಜಾಗ ಬಿಡುತ್ತದೆ, ಕರಗುವುದೂ ಇಲ್ಲ. ಕುಂಡದ ಮೇಲೆ ಹಾರಾಡುವ ಸಣ್ಣ ಕಪ್ಪು ನೊಣ ನಿಮ್ಮ ಚಿಂತೆಯಾದರೆ ಮೇಲಿನ ಒಂದೆರಡು ಅಂಗುಲ ಮಣ್ಣು ಒಣಗುವವರೆಗೂ ನೀರು ಹಾಕಬೇಡಿ. ಅದರ ಮರಿಹುಳಕ್ಕೆ ಹಸಿ ಮಣ್ಣೇ ಬೇಕು. ತೋಟದಲ್ಲಿ ಬಳಸುವುದಾದರೆ ಇಬ್ಬನಿ ಆರಿದ ಮೇಲೆ, ಒಣ ಎಲೆಯ ಮೇಲೆ, ಗಾಳಿ ಇಲ್ಲದಾಗ. ಮಳೆ ಬಂದರೆ ಹಾಕಿದ್ದೆಲ್ಲ ಹೋಯಿತು. ಬಸವನಹುಳು ಹೊರಗೆ ಬರುವುದೇ ಒದ್ದೆಯಲ್ಲಿ, ಹಾಗಾಗಿ ಅದಕ್ಕೆ ಇದು ಅಷ್ಟಕ್ಕಷ್ಟೇ. ಹೂವಿನ ಮೇಲೆ ಖಂಡಿತ ಬೇಡ. ಜೇನ್ನೊಣದ ಮೈಮೇಲೂ ಮೇಣ ಇದೆ. ಗುಲಗಂಜಿ ಹುಳ, ಜೇಡ ಯಾವುದನ್ನೂ ಈ ಪುಡಿ ಬೇರೆ ಮಾಡಿ ನೋಡುವುದಿಲ್ಲ. ನೈಸರ್ಗಿಕ ಅಂದ ಮಾತ್ರಕ್ಕೆ ಒಳ್ಳೆಯ ಹುಳಕ್ಕೆ ರಿಯಾಯಿತಿ ಇಲ್ಲ.

ಧಾನ್ಯ ಕಾಯುವ ಕೆಲಸದಲ್ಲಿ ಮಾತ್ರ ಈ ಪುಡಿಗೆ ಗಟ್ಟಿ ಹಿನ್ನೆಲೆ ಇದೆ, ಏಕೆಂದರೆ ಉಗ್ರಾಣದ ಧಾನ್ಯ ಹೇಗೂ ಒಣಗಿರಬೇಕು. ಸಾಮಾನ್ಯವಾಗಿ ಹೇಳುವ ಪ್ರಮಾಣ ಒಂದು ಟನ್ನಿಗೆ ಒಂದು ಕಿಲೋ ಆಸುಪಾಸು, ಅಂದರೆ ಕಿಲೋಗೆ ಒಂದು ಗ್ರಾಂ. ಕೊಂಡ ಪುಡಿಯ ಲೇಬಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ಧಾನ್ಯದ ತೇವಾಂಶ ಶೇಕಡಾ 12-13ಕ್ಕಿಂತ ಮೇಲಿದ್ದರೆ ಫಲಿತಾಂಶ ಇಳಿಯುತ್ತದೆ. ಎಲ್ಲ ಹುಳವೂ ಒಂದೇ ಥರ ಬಗ್ಗುವುದಿಲ್ಲ. ಹಿಟ್ಟಿನಲ್ಲಿ ಕಾಣುವ ಕೆಂಪು ದುಂಬಿ ಬಹಳ ಗಟ್ಟಿ ಪಿಂಡ. ಸೊಂಡಿಲಿನ ಹುಳದ ಮರಿ ಕಾಳಿನ ಒಳಗೇ ಕೂತು ಬೆಳೆಯುತ್ತದೆ, ಅಲ್ಲಿಗೆ ಪುಡಿ ಮುಟ್ಟುವುದೇ ಇಲ್ಲ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ದುಂಬಿಯಾಗಿ ಹೊರಬರಲು ಸುಮಾರು ಒಂದು ತಿಂಗಳು. ಹೊರಬಂದ ಮೇಲೆಯೇ ಪುಡಿ ಅಂಟಿ ಸಾಯುವುದು. ಆದ್ದರಿಂದ ಹಾಕಿದ ಎರಡನೇ ವಾರದಲ್ಲಿ ಜೀವಂತ ಹುಳ ಕಂಡರೆ ಗಾಬರಿ ಬೇಡ. ದೊಡ್ಡ ಉಗ್ರಾಣದವರು ಇದನ್ನು ಬಳಸಲು ಹಿಂದೆಮುಂದೆ ನೋಡುವುದಕ್ಕೆ ಬೇರೆ ಕಾರಣ ಇದೆ: ಪುಡಿ ಬೆರೆತ ಧಾನ್ಯ ಸರಾಗವಾಗಿ ಹರಿಯುವುದಿಲ್ಲ, ಅಳತೆಯಲ್ಲಿ ತೂಕವೂ ಕಡಿಮೆ ಬರುತ್ತದೆ.

ನಿಮ್ಮಂಥ ಮನೆಬಳಕೆಯ ಡಬ್ಬಿಗೆ ಇದು ಬೇಕೇ? ನನ್ನ ಪ್ರಕಾರ ಬೇಡ. ಡಬ್ಬಿ ಖಾಲಿ ಮಾಡಿ, ಮೂಲೆಯ ಹಿಟ್ಟಿನ ಧೂಳು ಕೆರೆದು ತೊಳೆದು ಒಣಗಿಸಿ. ಧಾನ್ಯವನ್ನು ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟು ತೆಗೆದರೆ ಮೊಟ್ಟೆ, ಮರಿ, ದುಂಬಿ ಎಲ್ಲವೂ ಮುಗಿಯುತ್ತವೆ. ಆಮೇಲೆ ಬಿಗಿ ಮುಚ್ಚಳದ ಡಬ್ಬಿ. ಬಿತ್ತನೆಗೆ ಇಡುವ ಬೀಜಕ್ಕಾದರೆ ಡಯಾಟಮ್ ಪುಡಿ ಸೊಗಸಾಗಿ ಒಪ್ಪುತ್ತದೆ. ಬೀಜವೂ ಒಣಗಿಯೇ ಇರಬೇಕು, ಪುಡಿಯೂ ಒಣಗಿಯೇ ಇರಬೇಕು.

ಈಗ ನಿಮ್ಮ ಕೈಯಲ್ಲಿರುವ ಪೊಟ್ಟಣ ತೆಗೆದು ಓದಿ, ಇದು ಮುಖ್ಯ. ಈಜುಕೊಳದ ಫಿಲ್ಟರ್‌ಗೆ ಬಳಸುವ ಡಯಾಟಮೇಶಿಯಸ್ ಅರ್ತ್ ಬೇರೆ. ಅದನ್ನು 900 ಡಿಗ್ರಿಗೂ ಮೇಲೆ ಸುಟ್ಟಿರುತ್ತಾರೆ. ಆ ಬಿಸಿಗೆ ಸಿಲಿಕಾದ ಬಹುಪಾಲು ಹರಳಿನ (ಕ್ರಿಸ್ಟಲಿನ್) ರೂಪಕ್ಕೆ ತಿರುಗಬಹುದು. ಹರಳು ಸಿಲಿಕಾದ ಧೂಳು ವರ್ಷಾನುಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಲೇಬಲ್‌ನಲ್ಲಿ ‘ಕ್ಯಾಲ್ಸೈನ್ಡ್’ ಅಥವಾ ‘ಫ್ಲಕ್ಸ್ ಕ್ಯಾಲ್ಸೈನ್ಡ್’ (ಎರಡೂ ಹೀಗೆ ಸುಟ್ಟದ್ದು ಎಂಬ ಸೂಚನೆ) ಅಂತಿದ್ದರೆ ಅದು ಮನೆಯೊಳಗೆ ಎರಚುವ ಪುಡಿ ಅಲ್ಲ. ಕೀಟಕ್ಕೂ ಅದು ಅಷ್ಟು ಕೆಲಸ ಮಾಡುವುದಿಲ್ಲ. ಅಚ್ಚ ಬಿಳಿ ಅಥವಾ ನಸುಗುಲಾಬಿ ಬಣ್ಣ ಇದ್ದರೆ ಸುಟ್ಟದ್ದಿರಬಹುದು, ಆದರೆ ಬಣ್ಣವನ್ನೇ ನಂಬಬೇಡಿ. ಕೀಟನಾಶಕ ಅಂತ ನೋಂದಣಿಯಾಗಿ, ಯಾವ ಕೀಟಕ್ಕೆ ಎಷ್ಟು ಎಂದು ಬರೆದಿರುವುದನ್ನೇ ಕೊಳ್ಳಿ. ಅಮೆರಿಕದಲ್ಲಿ 1960ರಿಂದಲೇ ಇದನ್ನು ಕೀಟನಾಶಕವಾಗಿ ನೋಂದಾಯಿಸುತ್ತಿದ್ದಾರೆ. ‘ಫುಡ್ ಗ್ರೇಡ್’ ಅಂದರೆ ಶುದ್ಧತೆಯ ಮಾತು ಮಾತ್ರ, ಉಸಿರಾಡಬಹುದು ಅಂತ ಅರ್ಥ ಅಲ್ಲ.

ಸುಡದ ಪುಡಿಯೂ ಧೂಳೇ ತಾನೇ. ಮೂಗು ಒಣಗುತ್ತದೆ, ಕೆಮ್ಮು ಬರುತ್ತದೆ, ಕಣ್ಣು ಉರಿಯುತ್ತದೆ. ಹಾಕುವಾಗ ಎನ್95 ಮಾಸ್ಕ್, ಕನ್ನಡಕ ಇರಲಿ, ಫ್ಯಾನ್ ಆಫ್ ಮಾಡಿ. ಮಗುವನ್ನೂ ಬೆಕ್ಕನ್ನೂ ಬೇರೆ ಕೋಣೆಯಲ್ಲಿ ಬಿಟ್ಟು, ಧೂಳು ಇಳಿದ ಮೇಲೆ ಹೊರಗೆ ಬಿದ್ದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕಾರ್ಪೆಟ್ ಮೇಲೆ ಉದುರಿಸಬೇಡಿ, ತೆವಳುವ ಮಗುವಿನ ಮೂಗು ಇರುವುದು ನೆಲದಿಂದ ಒಂದು ಗೇಣು ಎತ್ತರದಲ್ಲಿ. ಮನೆಯಲ್ಲಿ ಯಾರಿಗಾದರೂ ಆಸ್ತಮಾ ಇದ್ದರೆ ಪುಡಿಯ ಸಹವಾಸವೇ ಬೇಡ, ಬಿರುಕು ಮುಚ್ಚುವುದು ಮತ್ತು ಬೈಟ್ ಸಾಕು.

ಕೊನೆಗೆ ಬೆಕ್ಕಿನ ಊಟ. ಬೆರೆಸಬೇಡಿ. ಹೊಟ್ಟೆಯೊಳಗೆ ಎಲ್ಲವೂ ಒದ್ದೆ. ಒದ್ದೆಯಲ್ಲಿ ಈ ಪುಡಿ ಏನು ಮಾಡುತ್ತದೆ ಅಂತ ನಿಮ್ಮ ಸಿಂಕ್ ಕೆಳಗೇ ನೋಡಿದ್ದೀರಿ. ಬೆಕ್ಕಿನ ಹೊಟ್ಟೆಹುಳ ಇದರಿಂದ ಹೋಗುತ್ತದೆ ಎನ್ನಲು ನಂಬುವಂಥ ಆಧಾರ ಇಲ್ಲ, ತಿನ್ನುವಾಗ ಒಣ ಪುಡಿ ಮೂಗಿಗೆ ಹೋಗುವುದು ಮಾತ್ರ ಖಂಡಿತ. ಬೆಕ್ಕಿನ ಮಲದ ಒಂದು ಸ್ಯಾಂಪಲ್ ತೆಗೆದುಕೊಂಡು ಪಶುವೈದ್ಯರ ಹತ್ತಿರ ಹೋಗಿ. ಯಾವ ಹುಳ ಅಂತ ನೋಡಿ ಅದಕ್ಕೆ ತಕ್ಕ ಮಾತ್ರೆ ಕೊಡುತ್ತಾರೆ. ಚಿಗಟ ಇದೆಯಾ ಅಂತಲೂ ಅವರ ಹತ್ತಿರವೇ ನೋಡಿಸಿ. ಬೆಕ್ಕುಗಳಿಗೆ ಬರುವ ಒಂದು ಬಗೆಯ ಲಾಡಿಹುಳ ಹೊಟ್ಟೆ ಸೇರುವುದೇ ನೆಕ್ಕುವಾಗ ನುಂಗಿದ ಚಿಗಟದಿಂದ. ಚಿಗಟ ಬಿಟ್ಟು ಬರೀ ಹುಳಕ್ಕೆ ಮಾತ್ರೆ ಕೊಟ್ಟರೆ ಲಾಡಿಹುಳ ಮತ್ತೆ ಬರುತ್ತದೆ.